ಸೆರಗಿನ ಮರೆ

ನಾಗಪುರದ ಬಜಾಜ್ ನಗರದಲ್ಲಿ ಸಂಜೆ ವಾಕಿಂಗ್ ಹೊರಟ ಕನ್ನಡಿಗನಿಗೆ ಒಂದು ಸಣ್ಣ ಹೆಮ್ಮೆ ಪುಕ್ಕಟೆಯಾಗಿ ಸಿಗುತ್ತದೆ. ಬಡಾವಣೆಗೆ ಅಂಟಿಕೊಂಡೇ ಇರುವ ದೊಡ್ಡ ಎಂಜಿನಿಯರಿಂಗ್ ಸಂಸ್ಥೆಗೆ ನಮ್ಮ ವಿಶ್ವೇಶ್ವರಯ್ಯನವರ ಹೆಸರಿದೆ. 1960ರಲ್ಲಿ ಪ್ರಾದೇಶಿಕ ಕಾಲೇಜಾಗಿ ಹುಟ್ಟಿದ ಅದನ್ನು ಈಗ ಎಲ್ಲರೂ ವಿಎನ್‌ಐಟಿ ಎನ್ನುತ್ತಾರೆ. ರಸ್ತೆ ಬದಿ ತರ್ರಿ ಪೋಹೆಯ ಗಾಡಿ, ಅದರ ಸುತ್ತ ಟ್ಯೂಷನ್ ಮುಗಿಸಿ ಬಂದ ಹುಡುಗರು. ಮೀಸೆ ಇನ್ನೂ ಸರಿಯಾಗಿ ಮೂಡದವರೂ ಸ್ಕೂಟಿ ಮೇಲೆ ಮೂವರು ಮೂವರಾಗಿ ಕುಳಿತು ಸಿಗ್ನಲ್ ಹಾರಿಸುತ್ತಾರೆ. ಆ ಸ್ಕೂಟಿ ಕೊಡಿಸಿದವರು, ಬೆಳಿಗ್ಗೆ ಪೆಟ್ರೋಲಿಗೆ ದುಡ್ಡು ಕೊಟ್ಟವರು ಮನೆಯಲ್ಲಿ ದೇವರ ಮುಂದೆ ದೀಪ ಹಚ್ಚುತ್ತಿರುತ್ತಾರೆ.

2024ರ ಮೇ ತಿಂಗಳು. ನಾಗಪುರದ ಬಿಸಿಲು ಕಂಡವರಿಗೆ ಗೊತ್ತು, ರಾತ್ರಿ ಎಂಟಾದರೂ ಕಲ್ಲುಬೆಂಚು ಕಾದೇ ಇರುತ್ತದೆ. ಅಂಥದೊಂದು ಬೆಂಚಿನ ಮೇಲೆ ಪುಣೆಯ ಪೋರ್ಷೆ ಕಾರಿನ ಸುದ್ದಿ ಮಾತಾಡುತ್ತ ಕುಳಿತಿದ್ದೆವು. ಜೊತೆಗಿದ್ದವರಲ್ಲಿ ಒಬ್ಬರು ಧಾರವಾಡದ ಕಡೆಯ ಹಿರಿಯರು. ಐವತ್ತು ವರ್ಷದಿಂದ ಇಲ್ಲೇ ಇದ್ದಾರೆ, ಮರಾಠಿಯಲ್ಲೇ ತರಕಾರಿ ಚೌಕಾಸಿ ಮಾಡುತ್ತಾರೆ, ಸಿಟ್ಟು ಮಾತ್ರ ಕನ್ನಡದಲ್ಲಿ ಬರುತ್ತದೆ. ನಾನು ಜೋರಾಗಿ ಆ ಹುಡುಗನ ಅಪ್ಪ-ಅಮ್ಮನನ್ನು ಬಯ್ಯುತ್ತಿದ್ದೆ. ಅವರು ನಡುವೆ ತಡೆದರು.

“ರಾಯರ, ನಿಮ್ಮ ಮಗಾ ಆಗಿದ್ರ ಏನ್ ಮಾಡ್ತಿದ್ರಿ?”

“ಠಾಣೆಗೆ ಕರಕೊಂಡು ಹೋಗ್ತಿದ್ದೆ, ಅಕ್ಕಾರ.”

“ಇರಲಿ. ಹೋಗೂ ಮೊದಲ ಉಣ್ಣಲಿಕ್ಕೆ ಹಾಕ್ತಿದ್ರ್ಯೋ ಇಲ್ಲೋ? ಅದೂ ತಪ್ಪೇನು?”

ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಕಾನೂನು ಪುಸ್ತಕ ತೆಗೆದೆ. ಅಲ್ಲಿದ್ದ ಉತ್ತರ ನಾನು ಊಹಿಸಿದ್ದಕ್ಕಿಂತ ಒರಟಾಗಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಪುಣೆಯ ಕತೆ ಎಲ್ಲರಿಗೂ ಗೊತ್ತಿರುವಂಥದು. 2024ರ ಮೇ 19ರ ನಸುಕಿನಲ್ಲಿ ಕಲ್ಯಾಣಿ ನಗರದಲ್ಲಿ ಹದಿನೇಳು ವರ್ಷದ ಬಾಲಕ ಓಡಿಸುತ್ತಿದ್ದನೆನ್ನಲಾದ ಕಾರು ಬೈಕಿಗೆ ಬಡಿದು, ಮಧ್ಯಪ್ರದೇಶದಿಂದ ಬಂದು ಅಲ್ಲಿ ಕೆಲಸಕ್ಕಿದ್ದ ಇಬ್ಬರು ಯುವ ಎಂಜಿನಿಯರ್‌ಗಳು ಸತ್ತರು. ಬಾಲನ್ಯಾಯ ಮಂಡಳಿ ಅದೇ ದಿನ ಜಾಮೀನು ಕೊಟ್ಟು, ರಸ್ತೆ ಅಪಘಾತದ ಬಗ್ಗೆ ಮುನ್ನೂರು ಪದಗಳ ಪ್ರಬಂಧ ಬರೆಯಲು ಹೇಳಿತು. ದೇಶ ಸಿಟ್ಟಾದದ್ದು ಆ ಪ್ರಬಂಧಕ್ಕೆ. ನನ್ನನ್ನು ಕಾಡಿದ್ದು ಅದರ ನಂತರ ಹೊರಬಿದ್ದ ಆರೋಪಗಳು. ಸಸೂನ್ ಆಸ್ಪತ್ರೆಯಲ್ಲಿ ಹುಡುಗನ ರಕ್ತದ ಮಾದರಿಯನ್ನು ಎಸೆದು ಅದರ ಜಾಗದಲ್ಲಿ ತಾಯಿಯ ರಕ್ತ ಇಡಲಾಯಿತು ಎಂದು ಪೊಲೀಸರು ಹೇಳಿದರು. ಕಾರು ಓಡಿಸುತ್ತಿದ್ದವನು ನಾನೇ ಎಂದು ಒಪ್ಪಿಕೋ ಎಂದು ಮನೆಯ ಡ್ರೈವರನ್ನು ಕೂಡಿಹಾಕಿ ಒತ್ತಾಯಿಸಿದರೆಂದು ಅಜ್ಜನನ್ನೂ ಬಂಧಿಸಿದರು. ತಂದೆ, ತಾಯಿ, ಇಬ್ಬರು ವೈದ್ಯರು, ಎಲ್ಲರೂ ಜೈಲು ಕಂಡರು. ಬಾಲಕನ ಗುರುತು ಹೇಳಬಾರದೆಂಬುದು ಕಾನೂನು. ಹಾಗಾಗಿ ಹೆತ್ತವರ ಹೆಸರನ್ನೂ ನಾನು ಬರೆಯುತ್ತಿಲ್ಲ, ಟೀವಿಗಳು ನೂರು ಸಲ ಕೂಗಿದ್ದರೂ ಸಹ.

ತಾಯಿಯ ರಕ್ತ ಮಗನ ರಕ್ತದ ಜಾಗದಲ್ಲಿ! ಯಾವ ನಾಟಕಕಾರನೂ ಇಷ್ಟು ಧೈರ್ಯ ಮಾಡಲಾರ. ಆರೋಪ ಸಾಬೀತಾಗುವುದು ಬಿಡುವುದು ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಆ ದೃಶ್ಯ ಮನಸ್ಸಿನಿಂದ ಹೋಗುತ್ತಿಲ್ಲ. ಅಲ್ಲಿ ಮೋಸವೂ ಇದೆ, ಮೋಸದ ಒಳಗೆ ಗುರುತು ಹತ್ತುವಂಥ ತಾಯ್ತನವೂ ಇದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ. ಹೆಗ್ಗಣ ಪಕ್ಕದ ಮನೆಯ ಕಣಜ ಕೊರೆದಾಗ ಏನು ಮಾಡಬೇಕೆಂದು ಮಾತ್ರ ಗಾದೆ ಹೇಳುವುದಿಲ್ಲ.

ನಾಗಪುರಕ್ಕೂ ಅದೇ ವರ್ಷ ತನ್ನದೊಂದು ಕಾರು ಸಿಕ್ಕಿತು. ಸೆಪ್ಟೆಂಬರ್ 9ರ ನಸುಕಿನಲ್ಲಿ, ಬಜಾಜ್ ನಗರಕ್ಕೆ ದೂರವೇನಲ್ಲದ ರಾಮದಾಸ್‌ಪೇಟೆಯಲ್ಲಿ ಒಂದು ಆಡಿ ಕಾರು ಹಲವು ವಾಹನಗಳಿಗೆ ಗುದ್ದಿತು. ಕಾರು ಆಗಿನ ಮಹಾರಾಷ್ಟ್ರ ಬಿಜೆಪಿ ಅಧ್ಯಕ್ಷ ಚಂದ್ರಶೇಖರ ಬಾವನಕುಳೆ ಅವರ ಮಗನ ಹೆಸರಿನಲ್ಲಿತ್ತು. ಓಡಿಸುತ್ತಿದ್ದವನು ಬೇರೆಯವನು, ಮಗ ಕಾರಿನಲ್ಲಿದ್ದ ಎಂದು ಪೊಲೀಸರು ಹೇಳಿದರು. ಕಾರು ಮಗನದೇ ಎಂದು ತಂದೆ ಒಪ್ಪಿಕೊಂಡರು. ನಿಷ್ಪಕ್ಷಪಾತ ತನಿಖೆಯಾಗಲಿ, ತಾನು ಯಾವ ಪೊಲೀಸ್ ಅಧಿಕಾರಿಯ ಜೊತೆಗೂ ಮಾತಾಡಿಲ್ಲ, ಕಾನೂನು ಎಲ್ಲರಿಗೂ ಒಂದೇ ಎಂದರು. ವಿರೋಧ ಪಕ್ಷದವರು ನಂಬಲಿಲ್ಲ. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಪೋಹೆ ಗಾಡಿಯ ಹತ್ತಿರ ಎರಡು ವಾರ ಅದೇ ಮಾತು, ಆಮೇಲೆ ಮರೆತೂ ಹೋಯಿತು.

ಇವೆರಡೂ ಕಾರಿನ ಕತೆಗಳು. ಆದರೆ ಮಗನ ಅಪರಾಧಕ್ಕೂ ಮನೆತನದ ಸೆರಗಿಗೂ ಇರುವ ಸಂಬಂಧವನ್ನು ನೋಡಬೇಕಾದರೆ ನಮ್ಮ ಹಾಸನಕ್ಕೇ ಹೋಗಬೇಕು.

2024ರ ಏಪ್ರಿಲ್ 26ರಂದು ಹಾಸನದಲ್ಲಿ ಮತದಾನ. ಅಭ್ಯರ್ಥಿ ಹಾಲಿ ಸಂಸದ ಪ್ರಜ್ವಲ್ ರೇವಣ್ಣ. ಅಷ್ಟರಲ್ಲಾಗಲೇ ಅವರ ಲೈಂಗಿಕ ದೌರ್ಜನ್ಯದ ದೃಶ್ಯಗಳಿವೆ ಎನ್ನಲಾದ ಪೆನ್‌ಡ್ರೈವ್‌ಗಳು ಊರೂರು ತಿರುಗಿದ್ದವು. ಮತದಾನ ಮುಗಿಯುತ್ತಿದ್ದಂತೆ ಅಭ್ಯರ್ಥಿ ಜರ್ಮನಿಗೆ ಹಾರಿದರು. ಏಪ್ರಿಲ್ 28ಕ್ಕೆ ಹೊಳೆನರಸೀಪುರದಲ್ಲಿ ಮೊದಲ ಪ್ರಕರಣ ದಾಖಲಾಯಿತು. ಮೇ 2ರಂದು ಮೈಸೂರು ಜಿಲ್ಲೆಯ ಕೆ.ಆರ್. ನಗರ ಠಾಣೆಗೆ ಒಬ್ಬ ಯುವಕ ಬಂದು, ನಮ್ಮ ತಾಯಿಯನ್ನು ಕರೆದುಕೊಂಡು ಹೋದವರು ವಾಪಸ್ ಕಳಿಸಿಲ್ಲ ಎಂದು ದೂರು ಕೊಟ್ಟ. ಆ ತಾಯಿ ಹಿಂದೆ ಆ ಮನೆತನದ ಬಳಿ ಕೆಲಸಕ್ಕಿದ್ದಾಕೆ. ಪ್ರಜ್ವಲ್ ವಿರುದ್ಧ ಆಕೆ ಹೇಳಿಕೆ ಕೊಡದಂತೆ ತಡೆಯಲು ಅಪಹರಿಸಲಾಗಿದೆ ಎಂಬುದು ಆರೋಪ. ಆರೋಪ ಬಂದದ್ದು ತಂದೆ ಎಚ್.ಡಿ. ರೇವಣ್ಣ ಅವರ ಮೇಲೆ, ನಂತರ ತಾಯಿ ಭವಾನಿ ಅವರ ಮೇಲೆ. ಇಬ್ಬರೂ ಅದನ್ನು ಅಲ್ಲಗಳೆದರು. ಹುಣಸೂರು ತಾಲ್ಲೂಕಿನ ಒಂದು ತೋಟದ ಮನೆಯಲ್ಲಿ ಆಕೆ ಪತ್ತೆಯಾದರು. ಮೇ 4ರ ಸಂಜೆ ರೇವಣ್ಣ ಅವರನ್ನು ವಿಶೇಷ ತನಿಖಾ ತಂಡ ವಶಕ್ಕೆ ಪಡೆಯಿತು. ಎಲ್ಲಿಂದ? ಬೆಂಗಳೂರಿನ ಪದ್ಮನಾಭನಗರದ, ತಮ್ಮ ತಂದೆಯ ಮನೆಯಿಂದ.

ಈ ಕೊನೆಯ ವಿವರದ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಮಗನನ್ನು ಕಾಯಲು ಹೋದ ಆರೋಪ ಹೊತ್ತ ತಂದೆ, ಕಷ್ಟ ಬಂದಾಗ ಹೋಗಿ ನಿಂತದ್ದು ತನ್ನ ತಂದೆಯ ಬಾಗಿಲಲ್ಲಿ. ಅರವತ್ತು ದಾಟಿದ ಮಗ, ತೊಂಬತ್ತು ದಾಟಿದ ಅಪ್ಪ, ಮತ್ತು ಆ ಅಪ್ಪ ಈ ದೇಶದ ಮಾಜಿ ಪ್ರಧಾನಿ. ಇನ್ನೊಂದು ಕಡೆ, ಅದೇ ವಾರ, ಕೂಲಿ ಮಾಡುವ ಮನೆಯ ಹುಡುಗನೊಬ್ಬ ತನ್ನ ತಾಯಿಗಾಗಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ್ದ. ಮಕ್ಕಳು ಹೆತ್ತವರನ್ನು ರಕ್ಷಿಸುವುದೂ ಒಂದು ಇದೆಯಲ್ಲ. ನಮ್ಮ ಚರ್ಚೆಗಳಲ್ಲಿ ಅವನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಬರದಿದ್ದದ್ದೇ ಸರಿ, ಬಂದಿದ್ದರೆ ಆ ತಾಯಿಯ ಗುರುತು ಬಯಲಾಗುತ್ತಿತ್ತು.

ಆ ಮಾಜಿ ಪ್ರಧಾನಿ, ಪ್ರಜ್ವಲ್ ಅವರ ಅಜ್ಜ ದೇವೇಗೌಡರು ಮೊದಲು ಮೌನವಾಗಿದ್ದರು. ಮೇ 18, ಅವರ ತೊಂಬತ್ತೊಂದು ತುಂಬಿದ ದಿನ, ಮೊದಲ ಬಾರಿ ಬಾಯಿಬಿಟ್ಟರು: ಮೊಮ್ಮಗನ ಮೇಲೆ ಕಾನೂನು ಕ್ರಮಕ್ಕೆ ತಮ್ಮ ಅಡ್ಡಿಯಿಲ್ಲ. ಅದೇ ಉಸಿರಿನಲ್ಲಿ, ಮಗನ ಮೇಲಿನ ಪ್ರಕರಣ ಕಟ್ಟಿದ್ದು ಎಂದರು. ಮೇ 23ರಂದು ಬಹಿರಂಗ ಪತ್ರ ಬರೆದರು. ನನ್ನ ಮೇಲೆ ಗೌರವ ಉಳಿದಿದ್ದರೆ ಎಲ್ಲಿದ್ದರೂ ಬಂದು ಶರಣಾಗು, ಬಾರದಿದ್ದರೆ ನನ್ನ ಮತ್ತು ಕುಟುಂಬದ ಕೋಪ ಎದುರಿಸಬೇಕಾದೀತು ಎಂಬುದು ಅದರ ತಾತ್ಪರ್ಯ. ಮೇ 31ರ ನಸುಕಿನಲ್ಲಿ ಪ್ರಜ್ವಲ್ ಬೆಂಗಳೂರಿನಲ್ಲಿ ಇಳಿದರು, ವಿಮಾನ ನಿಲ್ದಾಣದಲ್ಲೇ ಬಂಧನವಾಯಿತು.

ಆ ಪತ್ರ ರಾಜಕೀಯ ಲೆಕ್ಕಾಚಾರ ಎಂದವರಿದ್ದಾರೆ. ಇದ್ದೀತು. ಚುನಾವಣೆ ಇನ್ನೂ ಮುಗಿದಿರಲಿಲ್ಲ, ಪಕ್ಷ ಉಳಿಯಬೇಕಿತ್ತು. ಆದರೆ ನನಗೆ ಕಾಣುವುದು ಬೇರೆ. ಮೊಮ್ಮಗನನ್ನು ಕಾನೂನಿಗೆ ಬಿಟ್ಟುಕೊಟ್ಟ ಅದೇ ಅಜ್ಜ ಮಗನನ್ನು ಬಿಟ್ಟುಕೊಡಲಿಲ್ಲ. ಒಂದು ತಲೆಮಾರು ದಾಟಿದರೆ ಕಣ್ಣು ಸ್ವಲ್ಪ ತಿಳಿಯಾಗುತ್ತದೆ, ಸ್ವಂತ ಮಗನ ವಿಷಯಕ್ಕೆ ಬಂದಾಗ ಮತ್ತೆ ಮಂಜು. ಗೌಡರನ್ನು ಆಡಿಕೊಳ್ಳಲು ಈ ಮಾತು ಹೇಳುತ್ತಿಲ್ಲ. ಹಸ್ತಿನಾವತಿಯಿಂದ ಹೊಳೆನರಸೀಪುರದವರೆಗೆ, ಬಜಾಜ್ ನಗರದ ನನ್ನ ಮನೆಯವರೆಗೆ, ಆ ಮಂಜು ಒಂದೇ.

ಭವಾನಿ ಅವರಿಗೆ ಹೈಕೋರ್ಟು ಜೂನ್ 18ರಂದು ನಿರೀಕ್ಷಣಾ ಜಾಮೀನು ಕೊಟ್ಟಿತು. ತಾಯಿಯಾಗಿ ಮಗನನ್ನು ತಡೆಯಬೇಕಿತ್ತು ಎಂಬ ಸರ್ಕಾರಿ ವಾದವನ್ನು ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಒಪ್ಪಲಿಲ್ಲ. ವಯಸ್ಸಿಗೆ ಬಂದ ಮಕ್ಕಳ ನಡತೆಯನ್ನು ಹತೋಟಿಯಲ್ಲಿಡುವ ಕಾನೂನುಬದ್ಧ ಹೊಣೆ ಹೆತ್ತವರಿಗೆ ಇದೆಯೆಂದು ತೋರಿಸುವ ಆಧಾರವೇನೂ ಇಲ್ಲ ಎಂಬುದು ಅವರ ಮಾತಿನ ಸಾರ. ಇದು ನನಗೆ ಸರಿ ಎನ್ನಿಸುತ್ತದೆ. ಮೂವತ್ತು ದಾಟಿದವನ ತಪ್ಪಿಗೆ ಅವನ ತಾಯಿಯನ್ನು ಬೀದಿಗೆ ಎಳೆಯುವುದು ನಮ್ಮ ಊರಿನ ಹಳೆಯ ಚಟ. ಅಪ್ಪನನ್ನು ಯಾರೂ ಅಷ್ಟು ಕೇಳುವುದಿಲ್ಲ. ಆದರೆ ತಡೆಯದೆ ಇದ್ದ ತಾಯಿ ಬೇರೆ, ಸಾಕ್ಷಿಯನ್ನು ಮುಚ್ಚಿಟ್ಟ ತಾಯಿ ಬೇರೆ. ಎರಡನೆಯದು ನಡೆಯಿತೇ ಇಲ್ಲವೇ ಎಂಬುದಷ್ಟೇ ಆ ಅಪಹರಣ ಪ್ರಕರಣದ ಪ್ರಶ್ನೆ.

ಆ ಕೆಲಸದಾಕೆಯ ಅತ್ಯಾಚಾರ ಪ್ರಕರಣದಲ್ಲೇ 2025ರ ಆಗಸ್ಟ್ 1ರಂದು ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಪ್ರಜ್ವಲ್ ತಪ್ಪಿತಸ್ಥ ಎಂದಿತು. ಮರುದಿನ ನ್ಯಾಯಾಧೀಶ ಸಂತೋಷ್ ಗಜಾನನ ಭಟ್ ಉಳಿದ ಆಯುಷ್ಯಪೂರ್ತಿ ಜೈಲು ಎಂದು ಶಿಕ್ಷೆ ಓದಿದರು. ದಂಡದಲ್ಲಿ 11.25 ಲಕ್ಷ ರೂಪಾಯಿ ಆಕೆಗೆ. ತೀರ್ಪನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ವಿಚಾರಣೆಯಲ್ಲಿ ಗಟ್ಟಿಯಾಗಿ ನಿಂತ ಸಾಕ್ಷ್ಯಗಳಲ್ಲಿ ಆಕೆಯ ಒಂದು ಸೀರೆಯೂ ಇತ್ತು. ಅದರ ಮೇಲಿನ ಕುರುಹು ಡಿಎನ್‌ಎ ಪರೀಕ್ಷೆಯಲ್ಲಿ ಮಾತಾಡಿತು. ಒಂದು ಮನೆಯ ಸೆರಗು ಮಗನನ್ನು ಮುಚ್ಚಿತೋ ಇಲ್ಲವೋ ಇನ್ನೂ ತೀರ್ಮಾನವಾಗಬೇಕು. ಇನ್ನೊಬ್ಬಾಕೆಯ ಸೀರೆ ಮಾತ್ರ ಮುಚ್ಚಲಿಲ್ಲ.

ಈಗ ಆ ಕಾನೂನು ಪುಸ್ತಕಕ್ಕೆ ಬರೋಣ.

ಅಪರಾಧಿಗೆ ಆಶ್ರಯ ಕೊಡುವುದು ಬ್ರಿಟಿಷರ 1860ರ ದಂಡಸಂಹಿತೆಯಲ್ಲಿ ಕಲಂ 212 ಆಗಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಕಲಂ 249. ಶಿಕ್ಷೆಯಿಂದ ತಪ್ಪಿಸುವ ಉದ್ದೇಶದಿಂದ ಅಪರಾಧಿಯನ್ನು ಬಚ್ಚಿಟ್ಟರೆ, ಮೂಲ ಅಪರಾಧಕ್ಕೆ ಮರಣದಂಡನೆ ಇರುವಲ್ಲಿ ಐದು ವರ್ಷದವರೆಗೆ ಜೈಲು, ಜೀವಾವಧಿ ಇರುವಲ್ಲಿ ಮೂರು ವರ್ಷದವರೆಗೆ. ಆಶ್ರಯ ಎಂದರೆ ಏನು? ಸಂಹಿತೆ ಪಟ್ಟಿಯನ್ನೇ ಕೊಡುತ್ತದೆ: ಸೂರು, ಊಟ, ಕುಡಿಯಲು ನೀರು, ದುಡ್ಡು, ಬಟ್ಟೆ, ಹೋಗಿಬರಲು ವಾಹನ, ಆಯುಧವೂ ಸೇರಿ. ಅಕ್ಕಾರ ಕೇಳಿದ್ದ ಊಟ ಅಲ್ಲೇ ಇದೆ. ಈ ಕಲಮಿಗೆ ಒಂದೇ ಒಂದು ವಿನಾಯಿತಿ: ಅಪರಾಧಿಯ ಗಂಡ ಅಥವಾ ಹೆಂಡತಿ. ಹೆಂಡತಿ ಬಾಗಿಲು ತೆರೆದು ರೊಟ್ಟಿ ಬಡಿಸಿದರೆ ಅಪರಾಧವಿಲ್ಲ. ಅದೇ ಒಲೆಯ ಮುಂದೆ ಕುಳಿತ ಅತ್ತೆ ಅದೇ ರೊಟ್ಟಿ ಬಡಿಸಿದರೆ ಆಕೆಗೆ ರಕ್ಷಣೆಯಿಲ್ಲ. ಗಂಡಹೆಂಡಿರ ನಡುವಿನ ಮಾತನ್ನು ಕೋರ್ಟಿನಲ್ಲಿ ಹೇಳುವಂತೆ ಬಲವಂತ ಮಾಡುವಂತಿಲ್ಲ ಎಂಬ ರಕ್ಷಣೆ ಸಾಕ್ಷ್ಯ ಕಾನೂನಿನಲ್ಲೂ ಇದೆ. ಮಗ ತಾಯಿಯ ಮಡಿಲಲ್ಲಿ ತಲೆಯಿಟ್ಟು ಅತ್ತು ಹೇಳಿದ್ದಕ್ಕೆ ಅಂಥ ಕಾವಲು ಇಲ್ಲ.

ಹೆಂಡತಿಗಿಂತ ತಾಯಿ ದೂರದವಳು ಎಂದು ನಂಬುವ ಮನೆ ನಾನಂತೂ ಕಂಡಿಲ್ಲ, ಗದಗದಲ್ಲೂ ಇಲ್ಲ, ಗೋಂದಿಯಾದಲ್ಲೂ ಇಲ್ಲ. ಇದು ಇಂಗ್ಲೆಂಡಿನ ಹಳೆಯ ಕಾನೂನಿನ ನೆರಳು. ಅಲ್ಲಿ ಗಂಡಹೆಂಡಿರನ್ನು ಕಾನೂನು ಒಂದೇ ವ್ಯಕ್ತಿ ಎಂದು ಎಣಿಸುತ್ತಿತ್ತು. ಬೇರೆ ದೇಶಗಳು ಬೇರೆ ಗೆರೆ ಎಳೆದಿವೆ. ಫ್ರಾನ್ಸಿನಲ್ಲಿ ಅಪರಾಧಿಗೆ ಆಶ್ರಯ ಕೊಟ್ಟ ಹೆತ್ತವರಿಗೆ, ಒಡಹುಟ್ಟಿದವರಿಗೆ ಶಿಕ್ಷೆಯಿಲ್ಲ. ಜರ್ಮನಿ, ದಕ್ಷಿಣ ಕೊರಿಯಾಗಳಲ್ಲೂ ಹತ್ತಿರದ ಬಂಧುಗಳಿಗೆ ವಿನಾಯಿತಿ. ಜಪಾನಿನಲ್ಲಿ ನ್ಯಾಯಾಧೀಶ ಶಿಕ್ಷೆ ಮನ್ನಾ ಮಾಡಬಹುದು. ಚೀನಾದಲ್ಲಿ ಕನ್‌ಫ್ಯೂಷಿಯಸ್ ಕಾಲದಿಂದ ಈ ಜಗಳವಿದೆ. ಕುರಿ ಕದ್ದ ಅಪ್ಪನ ಮೇಲೆ ಸಾಕ್ಷಿ ಹೇಳಿದ ಮಗನನ್ನು ಒಬ್ಬ ಸಾಮಂತ ಹೊಗಳಿದಾಗ, ನಮ್ಮ ಕಡೆ ಅಪ್ಪ ಮಗನನ್ನು ಮರೆಮಾಡುತ್ತಾನೆ, ಮಗ ಅಪ್ಪನನ್ನು ಎಂದನಂತೆ ಗುರು. ಅಷ್ಟು ಬಿಗಿಯಾದ ಚೀನಾ ಕೂಡ 2012ರ ತಿದ್ದುಪಡಿಯಲ್ಲಿ, ಆರೋಪಿಯ ಹೆತ್ತವರು, ಮಕ್ಕಳು, ಸಂಗಾತಿಯನ್ನು ಸಾಕ್ಷಿಕಟ್ಟೆಗೆ ಬಲವಂತವಾಗಿ ಎಳೆಯುವಂತಿಲ್ಲ ಎಂದಿತು. ನಮ್ಮ ಸಂಹಿತೆ ಹೊಸದಾಗಿ ಬರೆಯಿಸಿಕೊಂಡಿತು, ಹೆಸರು ಭಾರತೀಯ ಎಂದಿಟ್ಟುಕೊಂಡಿತು. ವಿನಾಯಿತಿ ಮಾತ್ರ ಹಳೆಯದೇ.

ಮನೆಯೊಳಗಿನ ಮಗುವೇ ಬಲಿಯಾದಾಗ ಕಾನೂನು ಸರಿಯಾಗಿಯೇ ಕಠೋರವಾಗಿದೆ. ಪೋಕ್ಸೊ ಕಾಯ್ದೆಯಲ್ಲಿ ವಿಷಯ ಗೊತ್ತಿದ್ದ ಯಾರೇ ಆಗಲಿ ತಿಳಿಸಬೇಕು, ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು. ದೊಡ್ಡ ಮಗ ಹೀಗೆ ಮಾಡಿದನೆಂದು ಚಿಕ್ಕ ಮಗಳ ಬಾಯಿ ಮುಚ್ಚಿಸಿದ ಮನೆಗಳಿವೆ. ಅಲ್ಲಿ ‘ಮಗನನ್ನು ಉಳಿಸಿಕೊಂಡೆವು’ ಎನ್ನುವಾಗ ಮಗಳ ಲೆಕ್ಕ ಯಾರೂ ಇಡುವುದಿಲ್ಲ. ಸ್ಕೂಟಿಯ ವಿಷಯಕ್ಕೂ 2019ರಿಂದ ಕಾನೂನಿದೆ. ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಆ ಹುಡುಗನಿಗೆ 25 ವಯಸ್ಸಾಗುವವರೆಗೆ ಲೈಸೆನ್ಸ್ ಇಲ್ಲ. ಬಜಾಜ್ ನಗರದಲ್ಲಿ ಇದನ್ನು ಓದಿದ ಒಬ್ಬ ಅಪ್ಪನೂ ನನಗೆ ಸಿಕ್ಕಿಲ್ಲ.

ಹಾಗಿದ್ದರೆ ಒಳ್ಳೆಯ ಹೆತ್ತವರು ಮಕ್ಕಳನ್ನು ನೆಟ್ಟಗೆ ಪೊಲೀಸರ ಕೈಗೆ ಒಪ್ಪಿಸಬೇಕೇ? ಬೆಂಚಿನ ಮೇಲೆ ನಾನು ಕೊಟ್ಟ ಉತ್ತರ ಅದೇ ತಾನೆ. ಹಾಗೆ ಒಪ್ಪಿಸಿದ ಒಬ್ಬ ತಾಯಿಯ ಕತೆ ಆಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

1991ರ ಜೂನ್ 11. ರಾಜೀವ್ ಗಾಂಧಿ ಹತ್ಯೆಯಾಗಿ ಮೂರು ವಾರ. ತಮಿಳುನಾಡಿನ ಅರ್ಪುತಂ ಅಮ್ಮಾಳ್ ಮತ್ತು ಅವರ ಗಂಡ ತಮ್ಮ ಹತ್ತೊಂಬತ್ತರ ಮಗ ಪೇರರಿವಾಳನ್‌ನನ್ನು ಸಿಬಿಐ ಅಧಿಕಾರಿಗಳ ಜೊತೆ ತಾವೇ ಕಳಿಸಿಕೊಟ್ಟರು. ವಿಚಾರಣೆ ಮಾಡಿ ನಾಳೆ ಬೆಳಿಗ್ಗೆ ಬಿಡುತ್ತೇವೆ ಎಂದಿದ್ದರು. ಆ ನಾಳೆ ಬರಲು ಮೂವತ್ತೊಂದು ವರ್ಷ ಹಿಡಿಯಿತು. ಬಾಂಬಿಗೆ ಬಳಸಿದ ಒಂಬತ್ತು ವೋಲ್ಟಿನ ಬ್ಯಾಟರಿ ತಂದುಕೊಟ್ಟ ಎಂಬ ಆರೋಪಕ್ಕೆ ಗಲ್ಲು ಶಿಕ್ಷೆಯಾಗಿ, 2014ರಲ್ಲಿ ಅದು ಜೀವಾವಧಿಗೆ ಇಳಿದು, 2022ರ ಮೇ 18ರಂದು ಸುಪ್ರೀಂ ಕೋರ್ಟು ಬಿಡುಗಡೆ ಮಾಡಿತು. ಅವನ ತಪ್ಪೊಪ್ಪಿಗೆ ಬರೆದುಕೊಂಡಿದ್ದ ಸಿಬಿಐ ಅಧಿಕಾರಿ ತ್ಯಾಗರಾಜನ್ 2013ರಲ್ಲಿ ಹೇಳಿದ್ದೇನು? ಬ್ಯಾಟರಿ ಯಾವುದಕ್ಕೆಂದು ತನಗೆ ಗೊತ್ತಿರಲಿಲ್ಲ ಎಂದು ಹುಡುಗ ಹೇಳಿದ್ದ ಮಾತನ್ನು ತಾನು ಬರೆದುಕೊಳ್ಳಲಿಲ್ಲ ಎಂದು.

ಆ ಮೂರು ದಶಕ ಅರ್ಪುತಂ ಅಮ್ಮಾಳ್ ಏನು ಮಾಡಿದರು? ಜೈಲಿನಿಂದ ಜೈಲಿಗೆ, ವಕೀಲರಿಂದ ವಕೀಲರಿಗೆ, ಮುಖ್ಯಮಂತ್ರಿಗಳ ಬಾಗಿಲಿಂದ ಬಾಗಿಲಿಗೆ ಅಲೆದರು. ಅವರದ್ದೂ ಮಗನನ್ನು ರಕ್ಷಿಸುವ ಕೆಲಸವೇ, ಹಗಲು ಬೆಳಕಿನಲ್ಲಿ, ಕೈಯಲ್ಲಿ ಅರ್ಜಿ ಹಿಡಿದು. ಇತ್ತ ಮುಂಬಯಿಯಲ್ಲಿ, ಎಕೆ-56 ಇಟ್ಟುಕೊಂಡಿದ್ದಕ್ಕೆ 1993ರಲ್ಲಿ ನಟ ಸಂಜಯ್ ದತ್ ಒಳಗೆ ಹೋದಾಗ ತಂದೆ ಸುನಿಲ್ ದತ್ ಕಾಂಗ್ರೆಸ್ ಸಂಸದ. ಎದುರಾಳಿ ಪಾಳಯದ ಬಾಳಾ ಠಾಕ್ರೆ ಅವರ ಮನೆಗೂ ಆ ತಂದೆ ಹೋಗಬೇಕಾಯಿತು. 1957ರ ‘ಮದರ್ ಇಂಡಿಯಾ’ದಲ್ಲಿ ದಾರಿತಪ್ಪಿದ ಮಗ ಬಿರ್ಜುವಾಗಿ, ತಾಯಿ ನರ್ಗಿಸ್ ಕೈಯ ಗುಂಡಿಗೆ ಬಿದ್ದವರು ಇದೇ ಸುನಿಲ್ ದತ್. ಸಿನಿಮಾದಲ್ಲಿ ದೇಶ ಚಪ್ಪಾಳೆ ತಟ್ಟಿದ ಆ ತಾಯಿಯ ನ್ಯಾಯ, ಮುಂದೆ ಗಂಡಹೆಂಡತಿಯಾದ ಅದೇ ಇಬ್ಬರು ನಟರ ಮಗನ ವಿಷಯದಲ್ಲಿ ಯಾವ ತಂದೆಯಿಂದಲೂ ಆಗುವಂಥದಲ್ಲ. ಯಾರೂ ಅದನ್ನು ಬಯಸಲೂಬಾರದು. ಮಗನನ್ನು ಕೊಲ್ಲುವ ತಾಯಿ ನಮಗೆ ಬೇಡ. ಸುನಿಲ್ ದತ್ ಬದುಕಿರುವಾಗ ಮಗನಿಗೆ ಜಾಮೀನು ಸಿಕ್ಕಿತು, ಖುಲಾಸೆ ಸಿಗಲಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟು ತೀರ್ಪನ್ನು ಎತ್ತಿಹಿಡಿದು ಶಿಕ್ಷೆಯನ್ನು ಐದು ವರ್ಷಕ್ಕೆ ಇಳಿಸಿತು.

ಪುಣೆಯ ಆರೋಪವನ್ನೂ ಅರ್ಪುತಂ ಅಮ್ಮಾಳ್ ಅವರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗೆರೆ ಎಲ್ಲಿದೆ ಎಂದು ಕಾಣುತ್ತದೆ. ವಕೀಲರನ್ನು ಇಡುವುದು, ಜೈಲಿಗೆ ಬುತ್ತಿ ಒಯ್ಯುವುದು, ಅವನು ನಮ್ಮವನೇ ಎಂದು ಊರ ಮುಂದೆ ಹೇಳುವುದು, ಹೊಡೆಯಬೇಡಿ ಎಂದು ಠಾಣೆಯ ಹೊರಗೆ ರಾತ್ರಿಯಿಡೀ ಕೂರುವುದು, ಇವುಗಳಿಂದ ಸತ್ತವರ ಮನೆಗೆ ಹೊಸ ಅನ್ಯಾಯವೇನೂ ಆಗುವುದಿಲ್ಲ. ರಕ್ತ ಬದಲಿಸಿದರೆ, ಡ್ರೈವರನ ತಲೆಗೆ ಕಟ್ಟಿದರೆ, ಬಾಯಿ ಬಿಡಬೇಕಾದ ಹೆಂಗಸನ್ನು ತೋಟದ ಮನೆಯಲ್ಲಿ ಇರಿಸಿದರೆ, ಇನ್ನೊಬ್ಬರ ಮಗು ಎರಡನೇ ಸಲ ಬಲಿಯಾಗುತ್ತದೆ. ಡ್ರೈವರನೂ ಯಾರದೋ ಮಗ. ಬಚ್ಚಿಟ್ಟ ಮಗನಿಗೆ ಊಟ ಹಾಕುವುದು, ಹೀಗೆ ಸಾಕ್ಷ್ಯ ಅಳಿಸುವುದು, ನಮ್ಮ ಕಾನೂನು ಈ ಎರಡನ್ನೂ ಕಾಗದದ ಮೇಲೆ ಅಪರಾಧ ಎನ್ನುತ್ತದೆ. ಎರಡನೆಯದಕ್ಕೆ ದುಡ್ಡು ಬೇಕು, ಡಾಕ್ಟರ ಪರಿಚಯ ಬೇಕು, ತೋಟದ ಮನೆ ಬೇಕು. ಮೊದಲನೆಯದಕ್ಕೆ ಒಂದು ತಟ್ಟೆ ಅನ್ನ ಸಾಕು, ಆದ್ದರಿಂದ ಪೊಲೀಸರು ಮಗ ಸಿಗದಿದ್ದಾಗ ತಾಯಿಯನ್ನು ಠಾಣೆಯಲ್ಲಿ ಕೂರಿಸಿ ಹೆದರಿಸಲು ಬಳಸುವುದು ಮೊದಲನೆಯದನ್ನೇ.

ವಿಶ್ವೇಶ್ವರಯ್ಯನವರು 1912ರಲ್ಲಿ ಮೈಸೂರಿನ ದಿವಾನರಾಗುವ ಮೊದಲು ಬಂಧುಬಳಗವನ್ನು ಕೂರಿಸಿಕೊಂಡು, ಯಾರೂ ನನ್ನಲ್ಲಿ ಶಿಫಾರಸು ಕೇಳಬಾರದು ಎಂದು ಮಾತು ತೆಗೆದುಕೊಂಡರೆಂಬ ಕತೆಯನ್ನು ಶಾಲೆಯಲ್ಲಿ ಕೇಳಿಲ್ಲದವರಿಲ್ಲ. ಅವರ ಹೆಸರಿನ ಕಾಂಪೌಂಡಿನ ಪಕ್ಕ ನಡೆಯುತ್ತ ಅದು ನೆನಪಾಗುತ್ತದೆ. ಅವರು ಬಂಧುಗಳನ್ನು ಮನೆಯಿಂದ ಹೊರಗೆ ಹಾಕಲಿಲ್ಲ. ಕಚೇರಿಯ ಬಾಗಿಲಲ್ಲಿ ಮಾತ್ರ ತಡೆದರು.

ಅಕ್ಕಾರಿಗೆ ಮೊನ್ನೆ ಉತ್ತರ ಹೇಳಿದೆ: “ಊಟ ಹಾಕೋದು ತಪ್ಪಲ್ಲ ಅಂತ ನನಗ ಅನಸ್ತದ, ಆದ್ರ ಬಚ್ಚಿಟ್ಟು ಹಾಕಿದ್ರ ಕಾನೂನು ತಪ್ಪು ಅಂತದ.” ಅವರು, “ಹಂಗಾರ ಕಾನೂನಿಗೇ ತಾಯಿ ಇಲ್ಲೇನು?” ಎಂದು ಕೇಳಿ ಎದ್ದು ಹೋದರು. ಹಾಗಾಗಿ ಅವರ ಪರವಾಗಿ ಸಂಸತ್ತಿಗೆ ನನ್ನದೊಂದು ಅರ್ಜಿ. ಕಲಂ 249ರ ವಿನಾಯಿತಿಯಲ್ಲಿ ಗಂಡಹೆಂಡಿರ ಪಕ್ಕ ತಾಯಿ, ತಂದೆ ಎಂಬ ಎರಡು ಪದ ಸೇರಿಸಿ. ಸಾಕ್ಷ್ಯ ಅಳಿಸುವವರಿಗೆ ಶಿಕ್ಷೆ ಹೇಳುವ ಕಲಂ 238ಕ್ಕೆ ಯಾವ ವಿನಾಯಿತಿಯನ್ನೂ ಸೇರಿಸಬೇಡಿ.